ತಾತನ ಮಾವಿನ ಸೌದೆಗೆ ಹೊದಿಸಿದ ಟಾರ್ಪಾಲಿನ್ ತೆಗೆಯಿರಿ

ಕೊಂಗ್ಸ್‌ಬರ್ಗ್, ನಾರ್ವೆ
ಸೆಪ್ಟೆಂಬರ್ 6, ಭಾನುವಾರ

ತೀರ್ಥರೂಪರಾದ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವು ಮೂವರೂ ಕ್ಷೇಮ. ಇವರ ಕೆಮ್ಮು ಪೂರ್ತಿ ಕಡಿಮೆಯಾಗಿದೆ. ಪುಟ್ಟ ಶಾಲೆಗೆ ಹೋಗುತ್ತಿದ್ದಾನೆ. ದೀಪಾವಳಿಗೆ ಬೆಂಗಳೂರಿಗೆ ಎಂದು ದಿನಕ್ಕೆ ಎರಡು ಸಲವಾದರೂ ನೆನಪಿಸುತ್ತಾನೆ.

ಕಳೆದ ಭಾನುವಾರ ಅಪ್ಪ ಮೊಬೈಲನ್ನು ಹಿತ್ತಲ ಕಡೆ ತಿರುಗಿಸಿ, ತಾತ ನೆಟ್ಟ ಮಾವಿನ ಮರದಿಂದ ಕತ್ತರಿಸಿದ ಕೊಂಬೆಗಳ, ಕಾಂಪೌಂಡ್ ಗೋಡೆಗೆ ಒತ್ತಿಕೊಂಡಿದ್ದ ಆ ನೀಲಿ ಟಾರ್ಪಾಲಿನ್ ಗಂಟನ್ನು ತೋರಿಸಿದರಲ್ಲ, ಅಂದಿನಿಂದ ನನಗೆ ಸಮಾಧಾನವಿಲ್ಲ. "ಹಬ್ಬಕ್ಕೆ ಹಂಡೆ ಒಲೆಗೆ ಸೌದೆ ಭದ್ರವಾಗಿದೆ, ನಾಲ್ಕು ತಿಂಗಳಲ್ಲಿ ಒಂದು ಹನಿ ಮಳೆ ಸೋಕಿಲ್ಲ" ಎಂದು ಎಷ್ಟು ಹೆಮ್ಮೆಯಿಂದ ಹೇಳಿದಿರಿ. ಟಾರ್ಪಾಲಿನ್ ತೆಗೆದುಬಿಡಿ ಎಂದು ಅಂದು ರಾತ್ರಿಯೇ ಸಂದೇಶ ಕಳುಹಿಸಿದೆ. ನೀವು "ಏಕೆ?" ಎಂದು ಒಂದೇ ಪದ ಬರೆದಿರಿ. ಆ ಒಂದು ಪದಕ್ಕೆ ಉತ್ತರ ಈ ಪತ್ರ. ಫೋನಿನಲ್ಲಿ ಹೇಳಿದರೆ ಅರ್ಧ ನಿಮ್ಮ ಕಿವಿಗೆ ಬೀಳುವುದಿಲ್ಲ, ಉಳಿದರ್ಧವನ್ನು ಅಮ್ಮ ಕುಕ್ಕರ್ ಕೂಗಿತು ಎಂದು ನಿಲ್ಲಿಸುತ್ತಾಳೆ. ಅಂಚೆ ತಡವಾದೀತೆಂದು ಪುಟಗಳ ಚಿತ್ರ ತೆಗೆದು ಮೊಬೈಲಿಗೂ ಕಳುಹಿಸುತ್ತೇನೆ.

ಮೊದಲು ಅಮ್ಮನ ಮಾತಿಗೆ ಬರುತ್ತೇನೆ. "ನಿನ್ನ ಅಜ್ಜಿ ಹೊಗೆಯಲ್ಲಿ ಕಣ್ಣು ಕಳೆದುಕೊಂಡರು, ನಾನು ಗ್ಯಾಸ್ ಬಂದ ದಿನ ಒಲೆಗೆ ಕೈಮುಗಿದು ಬಿಟ್ಟೆ, ನೀನು ಅಷ್ಟು ಓದಿ ಅಷ್ಟು ದೂರ ಹೋಗಿ ಸೌದೆ ಒಡೆಯಬೇಕೇ?" ಎಂದೆಯಲ್ಲ. ಆ ಮಾತು ನನ್ನನ್ನು ಬಿಟ್ಟಿಲ್ಲ ಅಮ್ಮ. ಜಯನಗರದ ಮನೆಯ ಬಚ್ಚಲಲ್ಲಿ ಅಜ್ಜಿ ಊದುಗೊಳವೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿರುತ್ತಿದ್ದುದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದುದು, ಗೋಡೆಯ ಮೇಲೆ ಎಣ್ಣೆ ಸವರಿದಂತೆ ಹೊಳೆಯುತ್ತಿದ್ದ ಕಪ್ಪು ಮಸಿ, ಎಲ್ಲವೂ ನನಗೆ ಚೆನ್ನಾಗಿ ನೆನಪಿದೆ. ಒಲೆ ಎಂದರೆ ಹೊಗೆ, ಸೌದೆ ಎಂದರೆ ಕಣ್ಣೀರು ಎಂದೇ ನಾನೂ ತಿಳಿದಿದ್ದೆ. ಇಲ್ಲಿಗೆ ಬಂದು ಐದು ಚಳಿಗಾಲ ಕಳೆದ ಮೇಲೆ ನನಗೆ ಗೊತ್ತಾಗಿರುವುದು ಬೇರೆ. ಅಜ್ಜಿಯನ್ನು ಅಳಿಸಿದ್ದು ಸೌದೆಯಲ್ಲ, ಸೌದೆಯೊಳಗಿದ್ದ ನೀರು.

ಇದನ್ನು ನಾನು ಪೆಟ್ಟು ತಿಂದೇ ಕಲಿತದ್ದು. ನಾವು ಈ ಮನೆಗೆ ಬಂದ ವರ್ಷ ಅಕ್ಟೋಬರ್ ಕೊನೆಯಲ್ಲಿ ಅವಸರವಾಗಿ ಸೌದೆ ಕೊಂಡೆವು. ಮಾರಿದವನು ಒಣಗಿದ್ದೇ ಎಂದ. ಬೆಂಕಿ ಹಚ್ಚಿದರೆ ಮನೆ ಬಿಸಿ ಮಾಡುವ ಒಲೆಯೊಳಗಿಂದ ದೋಸೆ ಕಾವಲಿಗೆ ನೀರು ಚಿಮುಕಿಸಿದ ಹಾಗೆ ಸುಂಯ್ ಎನ್ನುವ ಸದ್ದು. ಒಲೆಯ ಬಾಗಿಲಿನ ಗಾಜಿನಿಂದ ಇಣುಕಿದರೆ ಸೌದೆಯ ಎರಡು ತುದಿಗಳಲ್ಲಿ ನೀರು ನೊರೆ ನೊರೆಯಾಗಿ ಉಕ್ಕುತ್ತಿತ್ತು. ಗಾಜು ಒಂದೇ ದಿನದಲ್ಲಿ ಕಪ್ಪಾಯಿತು. ಹೊರಗೆ ಸೊನ್ನೆಗಿಂತ 16 ಡಿಗ್ರಿ ಕೆಳಗೆ, ಒಳಗೆ ಒಲೆ ಉರಿದರೂ ಪುಟ್ಟನಿಗೆ ಎರಡು ಸ್ವೆಟರ್. ಬುಟ್ಟಿ ಬುಟ್ಟಿ ಸೌದೆ ಹಾಕುತ್ತಿದ್ದೆವು, ಬಿಸಿ ಮಾತ್ರ ಬರುತ್ತಿರಲಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಇಲ್ಲಿ ಏಪ್ರಿಲ್‌ನಲ್ಲಿ ಅಷ್ಟು ಬಿಸಿಲು ಬಂದರೆ ಮಕ್ಕಳು ಕೋಟು ಬಿಚ್ಚಿ ಆಡುತ್ತಾರೆ. ಇಂಥ ಕಡೆ ಹಸಿ ಸೌದೆ ಮನೆಗೆ ತರುವುದು ಸಣ್ಣ ತಪ್ಪಲ್ಲ.

ನೀವು ಕೇಳಬಹುದು, ವಿದ್ಯುತ್ತು ಇಲ್ಲವೇ ಎಂದು. ಇದೆ. ನಮ್ಮ ಶಿವನಸಮುದ್ರದ ಹಾಗೆ ಇಲ್ಲಿಯ ವಿದ್ಯುತ್ತೂ ಬಹುಪಾಲು ನೀರಿನಿಂದಲೇ ಬರುತ್ತದೆ, ಮನೆಗಳನ್ನು ಹೆಚ್ಚಾಗಿ ಅದರಿಂದಲೇ ಬಿಸಿ ಮಾಡುತ್ತಾರೆ. ಆದರೆ ದರ ಏರಿದಾಗ ಒಲೆ ಬೇಕು. ಹಿಮಗಾಳಿಗೆ ಮರ ಬಿದ್ದು ತಂತಿ ಹರಿದಾಗ ಒಲೆ ಬೇಕೇ ಬೇಕು. ಹೋದ ಜನವರಿಯಲ್ಲಿ ಒಂಬತ್ತು ಗಂಟೆ ವಿದ್ಯುತ್ತಿರಲಿಲ್ಲ. ನಾವು ಮೂವರೂ ಒಲೆಯ ಮುಂದೆ ಹಾಸಿಗೆ ಹಾಸಿ ಮಲಗಿದೆವು, ಒಲೆಯ ತಲೆಯ ಮೇಲೆ ಗಂಜಿ ಬೇಯಿಸಿದೆವು. ಆ ರಾತ್ರಿ ಒಣಸೌದೆ ಇರಲಿಲ್ಲವಾಗಿದ್ದರೆ ಏನಾಗುತ್ತಿತ್ತೋ ಎಂದು ಈಗಲೂ ಎದೆ ನಡುಗುತ್ತದೆ.

ಒಣಸೌದೆಯ ವಿದ್ಯೆ ಕಲಿಸಿದವರು ಪಕ್ಕದ ಮನೆಯ ಅಜ್ಜ. ಅಪ್ಪನಿಗಿಂತ ಏಳೆಂಟು ವರ್ಷ ದೊಡ್ಡವರು, ಮಾತು ಬಹಳ ಕಡಿಮೆ. ನಮ್ಮ ಚಿಮಣಿಯ ಹೊಗೆಯ ಬಣ್ಣ ನೋಡಿಯೇ ಅವರು ಬಂದು ಬಾಗಿಲು ತಟ್ಟಿದ್ದು. ನಮ್ಮ ರಾಶಿಯಿಂದ ಎರಡು ಸೀಳು ಎತ್ತಿಕೊಂಡು ಒಂದಕ್ಕೊಂದು ಬಡಿದರು. ಡಬ್ ಎಂದಿತು. ತಮ್ಮ ಕೊಟ್ಟಿಗೆಯಿಂದ ಎರಡು ತಂದು ಬಡಿದರು. ಟಣ್ ಎಂದಿತು, ದೇವಸ್ಥಾನದ ತಾಳದ ಹಾಗೆ. ಬೇರೇನೂ ಹೇಳಲಿಲ್ಲ. ಅಮ್ಮ, ನೀನು ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುವುದಿಲ್ಲವೇ, ಅದೇ ಪರೀಕ್ಷೆ. ಮರುದಿನ ಅವರೇ ಹತ್ತು ಬುಟ್ಟಿ ಒಣಸೌದೆ ತಂದು ನಮ್ಮ ಮೆಟ್ಟಿಲ ಮೇಲೆ ಇಟ್ಟರು. ಅಂದು ಸಂಜೆ ಮೊದಲ ಬಾರಿಗೆ ಒಲೆ ಸದ್ದಿಲ್ಲದೆ, ಹೊಗೆಯಿಲ್ಲದೆ ಉರಿಯಿತು. ಹೊರಗೆ ಹೋಗಿ ಚಿಮಣಿ ನೋಡಿದೆ. ಅದರ ಮೇಲಿನ ಗಾಳಿ ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲಿನ ಗಾಳಿಯಂತೆ ನಡುಗುತ್ತಿತ್ತು, ಹೊಗೆಯ ಎಳೆಯೂ ಇರಲಿಲ್ಲ. ನಾನು ಅಲ್ಲೇ ನಿಂತು ಅಜ್ಜಿಯನ್ನು ನೆನೆದು ಅತ್ತೆ.

ಅಪ್ಪನಿಗೆ ಕಾರಣ ಬೇಕಲ್ಲ, ಹೇಳುತ್ತೇನೆ. ಆಗ ತಾನೇ ಕಡಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಅದು 20 ಶೇಕಡಕ್ಕಿಂತ ಕೆಳಗೆ ಇಳಿದರೆ ಮಾತ್ರ ಒಲೆಗೆ ಯೋಗ್ಯ. ನೀರು ಆವಿಯಾಗಿ ಹೋಗುವವರೆಗೂ ಸೌದೆಯ ಆ ಭಾಗ 100 ಡಿಗ್ರಿ ದಾಟುವುದಿಲ್ಲ. ಮರದ ಶಾಖದ ದೊಡ್ಡ ಪಾಲು ಇರುವುದು ಕೆಂಡದಲ್ಲಲ್ಲ, ಕಾದ ಮರದಿಂದ ಹೊರಡುವ ಅನಿಲದಲ್ಲಿ. ಆ ಅನಿಲ ಹೊತ್ತಿಕೊಳ್ಳಲು 600 ಡಿಗ್ರಿಯ ಆಸುಪಾಸು ಬಿಸಿ ಬೇಕು. ಒಲೆ ಅಷ್ಟು ಕಾಯದಿದ್ದರೆ ಅನಿಲ ಉರಿಯದೆ ಹೊಗೆಯಾಗಿ ಹೊರಟುಹೋಗುತ್ತದೆ. ಅಂದರೆ ಹೊಗೆ ಎನ್ನುವುದು ಉರಿಯದೆ ಉಳಿದ ಸೌದೆಯೇ. ಅಜ್ಜಿ ಊದಿ ಊದಿ ಕಣ್ಣಿಗೆ ತಂದುಕೊಂಡದ್ದು ನೀವು ದುಡ್ಡು ಕೊಟ್ಟು ತಂದ ಬಿಸಿಯನ್ನು. ಇಲ್ಲಿ 1998ರಿಂದ ಹೊಸದಾಗಿ ಹಾಕಿಸುವ ಒಲೆಗಳು ಆ ಹೊಗೆಯನ್ನು ಒಲೆಯೊಳಗೇ ಇನ್ನೊಮ್ಮೆ ಉರಿಸುವಂಥವು ಆಗಿರಬೇಕೆಂಬ ನಿಯಮವಿದೆ. ಆದರೆ ಎಂಥ ಒಲೆಯಾದರೂ ಹಸಿ ಸೌದೆಯ ಮುಂದೆ ಸೋಲುತ್ತದೆ.

ಉರಿಯದ ಆ ಹೊಗೆ ಚಿಮಣಿಯ ತಣ್ಣನೆಯ ಗೋಡೆಗೆ ತಾಗಿ ಟಾರಿನಂತೆ ಅಂಟಿಕೊಳ್ಳುತ್ತದೆ. ಬಚ್ಚಲ ಗೋಡೆಯ ಹೊಳೆಯುವ ಮಸಿ ಅದೇ. ಅದು ದಪ್ಪಗಟ್ಟಿ ಒಂದು ದಿನ ತಾನೇ ಹೊತ್ತಿಕೊಂಡರೆ ಚಿಮಣಿಯೊಳಗೆ ಸಾವಿರ ಡಿಗ್ರಿಯ ಬೆಂಕಿ. ನಮ್ಮ ಮೊದಲ ಚಳಿಗಾಲ ಮುಗಿದ ಮೇಲೆ ಚಿಮಣಿ ಗುಡಿಸುವವರು ಬಂದಾಗ, ಕೆರೆದು ತೆಗೆದದ್ದನ್ನು ಬಕೆಟ್ಟಿನಲ್ಲಿ ತಂದು ನನ್ನ ಕಾಲ ಬಳಿ ಇಟ್ಟರು. ಕಪ್ಪು ಗಾಜಿನ ಚೂರುಗಳ ಹಾಗಿತ್ತು. ಅಂದೇ ನಾವು ಮುಂದಿನ ವರ್ಷದ ಸೌದೆಗೆ ಹೇಳಿಬಿಟ್ಟೆವು.

ಇಲ್ಲಿಯ ಸೌದೆಯ ಅಳತೆಯ ಬಗ್ಗೆ ಹೇಳಲೇಬೇಕು, ಅಪ್ಪನಿಗೆ ಇಷ್ಟವಾಗುತ್ತದೆ. ಅದನ್ನು ಫಾವ್ನ್ ಎನ್ನುತ್ತಾರೆ. ಎರಡು ಮೀಟರ್ ಉದ್ದ, ಎರಡು ಮೀಟರ್ ಎತ್ತರ, 60 ಸೆಂಟಿಮೀಟರ್ ಉದ್ದದ ಸೀಳುಗಳನ್ನು ಜೋಡಿಸಿದ ಒಂದು ಒಟ್ಟು, ಅಂದರೆ 2.4 ಘನ ಮೀಟರ್. ಆ ಪದದ ಮೂಲ ಅರ್ಥವೇನು ಗೊತ್ತೇ? ಎರಡು ಕೈಗಳನ್ನು ಚಾಚಿದಷ್ಟು ಅಗಲ. ನಮ್ಮ ಮಾರು! ಗಾಂಧಿ ಬಜಾರಿನಲ್ಲಿ ಮಲ್ಲಿಗೆಯನ್ನು ಅಳೆಯುವ ಅದೇ ಮಾರಿನಲ್ಲಿ ಇವರು ಸೌದೆ ಅಳೆಯುತ್ತಾರೆ. ಅಪ್ಪಿಕೊಳ್ಳುವುದಕ್ಕೂ ಇಲ್ಲಿ ಅದೇ ಪದ. ನನಗೆ ಇದು ತಿಳಿದ ದಿನ ಈ ಊರು ಸ್ವಲ್ಪ ಹತ್ತಿರವಾಯಿತು.

ಇನ್ನೊಂದು. ನಾವು ಹೆಚ್ಚಾಗಿ ಉರಿಸುವುದು ಬರ್ಚ್ ಮರ. ಬಿಳಿಯ ತೊಗಟೆ, ಕಾಗದದ ಹಾಗೆ ಪದರ ಪದರವಾಗಿ ಏಳುತ್ತದೆ. ಅಪ್ಪ, ನಿಮ್ಮ ಸಂಸ್ಕೃತದ ಭೂರ್ಜ ಇದೇ ಜಾತಿ. ಹಿಮಾಲಯದ ಭೂರ್ಜಪತ್ರದಲ್ಲಿ ಗ್ರಂಥಗಳನ್ನು ಬರೆಯುತ್ತಿದ್ದರಲ್ಲ, ಆ ಮರದ ದಾಯಾದಿ. ಭೂರ್ಜ, ಬರ್ಚ್ ಎಂಬ ಎರಡು ಪದಗಳೂ ಒಂದೇ ಬೇರಿನವು. ಅದರ ತೊಗಟೆಯಲ್ಲಿ ನೀರು ಒಂದಿಷ್ಟೂ ಇಳಿಯುವುದಿಲ್ಲ. ಅದಕ್ಕೇ ಬರಹ ಅಷ್ಟು ಕಾಲ ಬಾಳಿದ್ದು. ಆದರೆ ಸೌದೆಗೆ ಆ ಗುಣವೇ ಶತ್ರು. ಹೊರಗಿನ ನೀರು ಒಳಗೆ ಬರುವುದಿಲ್ಲ ನಿಜ, ಒಳಗಿನ ನೀರೂ ಹೊರಗೆ ಹೋಗುವುದಿಲ್ಲ. ಬರ್ಚ್ ದಿಮ್ಮಿಯನ್ನು ಸೀಳದೆ ಹಾಗೇ ಬಿಟ್ಟರೆ ಮೇಲೆ ತೊಗಟೆ ಹೊಸದರಂತೆ ಹೊಳೆಯುತ್ತಿರುತ್ತದೆ, ಒಳಗೆ ಮರ ಹಿಟ್ಟಾಗಿರುತ್ತದೆ.

ನಿಮ್ಮ ನೀಲಿ ಟಾರ್ಪಾಲಿನ್ ಮಾಡುತ್ತಿರುವುದೂ ಅದನ್ನೇ ಅಪ್ಪ. ಸೌದೆಗೆ ಮಳೆಯ ಭಯ ಸ್ವಲ್ಪವೇ. ಸೀಳಿಟ್ಟ ಸೌದೆಯ ಮೇಲೆ ಸುರಿದ ಮಳೆ ಮೇಲ್ಮೈಯನ್ನು ತೋಯಿಸುತ್ತದೆ, ಎರಡು ದಿನ ಗಾಳಿ ಬೀಸಿದರೆ ಆರಿಹೋಗುತ್ತದೆ. ಮರದ ನಾಳಗಳಲ್ಲೇ ಇರುವ ನೀರು ಹಾಗಲ್ಲ, ಅದಕ್ಕೆ ಹೊರಬರಲು ತಿಂಗಳುಗಳು ಬೇಕು. ಹೊರಬಂದ ಮೇಲೆ ಅದನ್ನು ಹೊತ್ತೊಯ್ಯಲು ಗಾಳಿ ಬೇಕು. ಒಂದು ಫಾವ್ನ್ ಬರ್ಚ್ ಒಣಗುವಷ್ಟರಲ್ಲಿ 400 ಲೀಟರಿನಷ್ಟು ನೀರು ಗಾಳಿಗೆ ಹೋಗುತ್ತದೆ. ನಮ್ಮ ಮಹಡಿಯ ಮೇಲಿನ ಹಳೆಯ ಟ್ಯಾಂಕು ಹಿಡಿಯುವುದು 500 ಲೀಟರ್, ಅದರಲ್ಲಿ ಮುಕ್ಕಾಲಿಗಿಂತ ಹೆಚ್ಚು! ಅಷ್ಟು ನೀರನ್ನು ಸುತ್ತಲೂ ಪ್ಲಾಸ್ಟಿಕ್ ಸುತ್ತಿ ಕಟ್ಟಿಹಾಕಿದರೆ ಅದು ಹೋಗುವುದಾದರೂ ಎಲ್ಲಿಗೆ? ಹಗಲು ಬಿಸಿಲಿಗೆ ಆವಿಯಾಗಿ ಎದ್ದು, ರಾತ್ರಿ ಟಾರ್ಪಾಲಿನ್ನಿನ ಒಳಮೈಯಲ್ಲಿ ಹನಿಗಟ್ಟಿ, ಮತ್ತೆ ಸೌದೆಯ ಮೇಲೇ ಬೀಳುತ್ತದೆ. ಬಿಚ್ಚಿ ಮೂಸಿ ನೋಡಿ. ಅಣಬೆಯ ವಾಸನೆ ಬರುತ್ತಿರಬೇಕು, ತುದಿಗಳಲ್ಲಿ ಬಿಳಿಯ ಬೂಷ್ಟು ಕಾಣಬೇಕು. ಬೇಸರ ಮಾಡಿಕೊಳ್ಳಬೇಡಿ. ಬೂಷ್ಟು ಮೇಲ್ಮೈಯಲ್ಲಿ ಮಾತ್ರ ಇದ್ದರೆ ಸೌದೆ ಉಳಿಯುತ್ತದೆ. ಉಗುರಿನಿಂದ ಒತ್ತಿದರೆ ಮೆತ್ತಗೆ ಕುಸಿಯುವಂಥದ್ದಿದ್ದರೆ ಅದನ್ನು ಮಾತ್ರ ಅಮ್ಮನ ಗೊಬ್ಬರದ ಗುಂಡಿಗೆ ಹಾಕಿ.

ಇಲ್ಲಿ ಕ್ರಮ ಹೀಗಿದೆ. ಮರದಲ್ಲಿ ರಸ ಏರುವ ಮೊದಲು, ಚಳಿಗಾಲದಲ್ಲೇ ಕಡಿಯುತ್ತಾರೆ. ಈಸ್ಟರ್ ಹೊತ್ತಿಗೆ ಸೀಳಿ ಒಟ್ಟಿಬಿಡುತ್ತಾರೆ. ಮೇ, ಜೂನ್, ಜುಲೈ ತಿಂಗಳ ಒಣಗಾಳಿ ಮತ್ತು ಮುಗಿಯದ ಹಗಲು ಉಳಿದ ಕೆಲಸ ಮಾಡುತ್ತವೆ. ಸೆಪ್ಟೆಂಬರಿನಲ್ಲಿ ಕೊಟ್ಟಿಗೆಗೆ ಸಾಗಿಸುತ್ತಾರೆ. ನಾನು ಈ ಪತ್ರವನ್ನು ಆ ಕೆಲಸದ ನಡುವೆಯೇ ಬರೆಯುತ್ತಿದ್ದೇನೆ, ಅಂಗೈಯಲ್ಲಿ ಬರ್ಚ್ ತೊಗಟೆಯ ವಾಸನೆ ಇನ್ನೂ ಇದೆ. ಬರ್ಚ್‌ಗೆ ಒಂದು ಬೇಸಿಗೆ ಸಾಕು. ಓಕ್ ಮರಕ್ಕೆ ಎರಡು ವರ್ಷ ಬೇಕು, ಅದು ಜಿಪುಣನ ಹಾಗೆ ನೀರು ಬಿಡುತ್ತದೆ. ಬೇಸಿಗೆಯಲ್ಲಿ ಕಡಿಯಲೇಬೇಕಾಗಿ ಬಂದರೆ ಕೊಂಬೆ ಸವರದೆ, ಎಲೆಗಳ ಸಮೇತ ಮರವನ್ನು ಕೆಲವು ವಾರ ಹಾಗೇ ಮಲಗಿಸಿಬಿಡುವ ಹಳೆಯ ಪದ್ಧತಿಯೂ ಇದೆ. ಮರ ಸತ್ತಿದ್ದು ಎಲೆಗೆ ತಿಳಿಯುವುದಿಲ್ಲ, ಅದು ಬಾಡುವವರೆಗೂ ಕಾಂಡದ ನೀರನ್ನು ಎಳೆದು ಗಾಳಿಗೆ ಬಿಡುತ್ತಲೇ ಇರುತ್ತದೆ. ಪಕ್ಕದ ಮನೆಯ ಅಜ್ಜ ಇದನ್ನು ಹೇಳಿದಾಗ ನನಗೆ ಮೈ ಜುಂ ಎಂದಿತು.

ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎನ್ನುವುದು ಇಲ್ಲಿ ಮನೆ ಮನೆಯ ಜಗಳ. 2013ರಲ್ಲಿ ಇಲ್ಲಿಯ ಸಾರ್ವಜನಿಕ ಟಿವಿ ವಾಹಿನಿ ಸೌದೆಯ ಬಗ್ಗೆಯೇ 12 ಗಂಟೆಗಳ ಕಾರ್ಯಕ್ರಮ ಪ್ರಸಾರ ಮಾಡಿತು. ಅದರಲ್ಲಿ ಬಹುಪಾಲು ಒಲೆಯಲ್ಲಿ ಉರಿಯುವ ಬೆಂಕಿಯನ್ನೇ ತೋರಿಸಿದರು. ಆಗಲೂ ತೊಗಟೆಯ ಬಗ್ಗೆ ಎರಡೂ ಪಕ್ಷದವರು ದೂರು ಕಳುಹಿಸಿದರಂತೆ. ನನ್ನ ಅನುಭವದಲ್ಲಿ ಮೇಲಿನ ಸಾಲಿಗೆ ಮಾತ್ರ ಅದು ಮುಖ್ಯ. ಅಲ್ಲಿ ತೊಗಟೆ ಆಕಾಶ ನೋಡುತ್ತಿರಬೇಕು, ಹೆಂಚಿನ ಕೆಲಸ ಮಾಡುತ್ತದೆ. ಕೆಳಗಿನ ಸಾಲುಗಳಲ್ಲಿ ಹೇಗಿದ್ದರೂ ಒಣಗುತ್ತದೆ.

ಒಣಗಿದೆಯೋ ಇಲ್ಲವೋ ತಿಳಿಯಲು ಎರಡು ಮುಳ್ಳಿರುವ ಸಣ್ಣ ಮಾಪಕ ಸಿಗುತ್ತದೆ. ಅದನ್ನು ಸೌದೆಯ ತುದಿಗೆ ಚುಚ್ಚಬಾರದು. ತುದಿ ಯಾವಾಗಲೂ ಒಣಗಿದ್ದೆಂದೇ ಹೇಳುತ್ತದೆ. ಸೌದೆಯನ್ನು ಹೊಸದಾಗಿ ಸೀಳಿ ನಡುಭಾಗಕ್ಕೆ ಚುಚ್ಚಬೇಕು. ಮಾಪಕವಿಲ್ಲದವರು ಒಂದು ತುದಿಗೆ ಪಾತ್ರೆ ತೊಳೆಯುವ ಸಾಬೂನು ಸವರಿ ಇನ್ನೊಂದು ತುದಿಯಿಂದ ಜೋರಾಗಿ ಊದುತ್ತಾರೆ. ಬರ್ಚ್ ಚೆನ್ನಾಗಿ ಒಣಗಿದ್ದರೆ ಸಾಬೂನು ಗುಳ್ಳೆ ಏಳುತ್ತದೆ, ಮರದ ನಾಳಗಳು ಖಾಲಿಯಾಗಿವೆ ಎಂದರ್ಥ. ಪುಟ್ಟನಿಗೆ ಇದಕ್ಕಿಂತ ದೊಡ್ಡ ಆಟವಿಲ್ಲ. ಆದರೆ ನಾನು ನಂಬುವುದು ತಕ್ಕಡಿಯನ್ನು. ಏಪ್ರಿಲ್‌ನಲ್ಲಿ ಒಂದು ಸೀಳಿಗೆ ಕೆಂಪು ದಾರ ಕಟ್ಟಿ ತೂಗಿದೆವು: 2,140 ಗ್ರಾಂ. ಮೇ ಕೊನೆಗೆ 1,720. ಜೂನ್ ಕೊನೆಗೆ 1,540. ಆಗಸ್ಟ್ ಕೊನೆಗೆ 1,430. ನಿನ್ನೆಯೂ 1,430. ತೂಕ ಇಳಿಯುವುದು ನಿಂತಿತು ಎಂದರೆ ಸೌದೆ ಗಾಳಿಯೊಂದಿಗೆ ಲೆಕ್ಕ ಚುಕ್ತಾ ಮಾಡಿಕೊಂಡಿತು ಎಂದರ್ಥ. ಅಂಕಿಗಳನ್ನೆಲ್ಲ ಪುಟ್ಟ ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾನೆ.

ತೂಕ ಎಂದಾಗ ನೆನಪಾಯಿತು. ನಾನು ಅಪ್ಪನ ಸೈಕಲ್ ಹಿಂದೆ ಕೂತು ಸೌದೆ ಡಿಪೋಗೆ ಹೋಗುತ್ತಿದ್ದೆನಲ್ಲ, ಆ ದೊಡ್ಡ ತಕ್ಕಡಿ, ಸರಪಳಿಗೆ ನೇತುಹಾಕಿದ ಹಲಗೆ, ಸರ್ವೆ ಮತ್ತು ನೀಲಗಿರಿಯ ಸೌದೆ. ಸೌದೆಯನ್ನು ತೂಕಕ್ಕೆ ಮಾರುವ ಪದ್ಧತಿಯೇ ಬಡವರಿಗೆ ಅನ್ಯಾಯ ಎಂದು ಈಗ ಅನ್ನಿಸುತ್ತದೆ. ಹಸಿ ಇದ್ದಷ್ಟೂ ತೂಕ ಹೆಚ್ಚು, ತೂಕ ಹೆಚ್ಚಿದಷ್ಟೂ ದುಡ್ಡು ಹೆಚ್ಚು. ತಾತ ಸಂಬಳದ ದಿನ ತರುತ್ತಿದ್ದ ಸೌದೆಯಲ್ಲಿ ಎಷ್ಟು ಪಾಲು ನೀರಿಗೆ ಹೋಯಿತೋ. ಅದನ್ನು ತಂದು ಮನೆಯಲ್ಲಿ ಆರು ತಿಂಗಳು ಒಣಗಿಸೋಣ ಎಂದರೆ ಅಷ್ಟು ಜಾಗ, ಅಷ್ಟು ಸೌದೆಗೆ ಮುಂಗಡ ದುಡ್ಡು ಯಾರ ಬಳಿ ಇತ್ತು? ಇಂದು ತಂದದ್ದನ್ನು ನಾಳೆ ಉರಿಸಬೇಕಿತ್ತು. ಅಜ್ಜಿಗೆ ಒಲೆ ಹೊತ್ತಿಸಲು ಬರುತ್ತಿರಲಿಲ್ಲವೆಂದಲ್ಲ. ಮುಂದಿನ ವರ್ಷದ ಸೌದೆಯನ್ನು ಈ ವರ್ಷವೇ ಕೊಳ್ಳುವ ಅನುಕೂಲ ಅವರಿಗೆ ಇರಲಿಲ್ಲ. ಗ್ಯಾಸ್ ಬಂದ ದಿನ ನೀನು ಒಲೆಗೆ ಕೈಮುಗಿದದ್ದು ಸರಿಯಾಗಿಯೇ ಇತ್ತು ಅಮ್ಮ. ಲೆಕ್ಕ ಹಾಕಿದರೆ, 14.2 ಕಿಲೋ ಸಿಲಿಂಡರಿನಲ್ಲಿರುವ ಶಾಖಕ್ಕೆ ಚೆನ್ನಾಗಿ ಒಣಗಿದ ಸೌದೆಯೇ ಸುಮಾರು 45 ಕಿಲೋ ಬೇಕು. ಅಡುಗೆಗೆ ಒಲೆ ಹಚ್ಚು ಎಂದು ನಾನು ಎಂದಿಗೂ ಹೇಳುವುದಿಲ್ಲ. ವರ್ಷಕ್ಕೊಂದು ದಿನ, ಹಂಡೆಯ ಕೆಳಗೆ, ತಾತ ನೆಟ್ಟ ರಸಪುರಿಯ ಕೊಂಬೆ ಹೊಗೆಯಿಲ್ಲದೆ ಉರಿಯಲಿ ಎನ್ನುವುದಷ್ಟೇ ನನ್ನ ಆಸೆ.

ಈಗ ಹಿತ್ತಲಿನ ಕೆಲಸ. ಅಪ್ಪ, ದಯವಿಟ್ಟು ನೀವೇ ಕೊಡಲಿ ಹಿಡಿಯಬೇಡಿ, ನಿಮ್ಮ ಸೊಂಟದ ಬಗ್ಗೆ ಡಾಕ್ಟರು ಹೇಳಿದ್ದು ನೆನಪಿರಲಿ. ಕೊಂಬೆ ಕತ್ತರಿಸಿದವರನ್ನೇ ಕರೆಸಿ ಸೀಳಿಸಿ. ಮಾವು ಗಂಟು ಮರ, ಒಣಗುತ್ತ ಹೋದಂತೆ ಬಿಗಿಯಾಗುತ್ತದೆ, ಆದ್ದರಿಂದ ಈ ವಾರವೇ ಆಗಲಿ. ದಿಮ್ಮಿಯನ್ನು ಹಳೆಯ ಕಾರ್ ಟೈರಿನ ನಡುವೆ ನಿಲ್ಲಿಸಿ ಒಡೆದರೆ ಸೀಳುಗಳು ಹಾರಿ ಕಾಲಿಗೆ ಬಡಿಯುವುದಿಲ್ಲ. ನಾನೂ ಹಾಗೆಯೇ ಮಾಡುವುದು. ಹಬ್ಬಕ್ಕೆ ಬೇಕಾದಷ್ಟನ್ನು ಮಾತ್ರ ಎರಡು ಬೆರಳಿನ ದಪ್ಪಕ್ಕೆ ಸೀಳಿಸಿ, ಎರಡು ತಿಂಗಳಲ್ಲಿ ಒಣಗಬೇಕಾದರೆ ಬೇರೆ ದಾರಿಯಿಲ್ಲ. ಉಳಿದದ್ದು ಮುಂಗೈ ದಪ್ಪ ಇರಲಿ.

ಗೋಡೆಗೆ ಒತ್ತಿ ಇಡಬೇಡಿ, ಒಂದು ಗೇಣು ಬಿಡಿ. ನೆಲದ ಮೇಲೂ ಬೇಡ. ನೆಲದ ತೇವ ಮೇಲೇರುತ್ತದೆ, ಗೆದ್ದಲಿಗೂ ಅದೇ ದಾರಿ. ಮಹಡಿಯ ಮೇಲೆ ತಾತನ ಹಳೆಯ ಕಬ್ಬಿಣದ ಮಂಚದ ಚೌಕಟ್ಟು ಬಿದ್ದಿದೆಯಲ್ಲ, ಅದನ್ನು ನಾಲ್ಕು ಸಿಮೆಂಟ್ ಇಟ್ಟಿಗೆಗಳ ಮೇಲೆ ಇಟ್ಟು ಅದರ ಮೇಲೆ ಒಟ್ಟಿ. ಗಾಳಿ ಕೆಳಗಿನಿಂದಲೂ ಆಡುತ್ತದೆ. ಕಾರ್ ನಿಲ್ಲಿಸುವ ಜಾಗದಿಂದ ಹಿತ್ತಲಿಗೆ ಗಾಳಿ ನುಗ್ಗುವ ಆ ಸಂದಿಯ ಬಾಯಿಯೇ ಒಳ್ಳೆಯ ಸ್ಥಳ, ಮಧ್ಯಾಹ್ನದ ಬಿಸಿಲೂ ಬರುತ್ತದೆ. ಮೇಲೆ ಒಂದು ತಗಡು, ಮುಂದಕ್ಕೆ ಸ್ವಲ್ಪ ವಾಲಿರಲಿ, ಹಾರಿಹೋಗದಂತೆ ಕಲ್ಲು ಹೇರಿ. ನಾಲ್ಕು ಕಡೆಯೂ ಬಯಲಾಗಿರಲಿ. ಸಂಜೆ ಸೌದೆ ತೆಗೆಯುವಾಗ ಮೊದಲು ಕೋಲಿನಿಂದ ತಟ್ಟಿ, ಚೇಳು ಸೇರಿಕೊಂಡಿರಬಹುದು.

ನಿಜ ಹೇಳಬೇಕೆಂದರೆ ನೀವು ಬಹಳ ತಪ್ಪು ಕಾಲದಲ್ಲಿ ಸೌದೆ ಒಣಗಿಸಬೇಕಾಗಿದೆ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಎಂದರೆ ಮಳೆ ಜೋರಾಗಿರುವ ತಿಂಗಳುಗಳು. ನಮ್ಮ ಊರಿಗೆ ಸೌದೆಯ ಕಾಲವೆಂದರೆ ಸಂಕ್ರಾಂತಿಯಿಂದ ಯುಗಾದಿಯವರೆಗೆ, ಗಾಳಿ ಒಣಗಿ ತುಟಿ ಒಡೆಯುವ ಆ ದಿನಗಳು. ಆದ್ದರಿಂದ ದಪ್ಪ ಸೀಳುಗಳನ್ನು ಈ ಹಬ್ಬಕ್ಕೆ ಮುಟ್ಟಬೇಡಿ, ಅವು ಯುಗಾದಿ ದಾಟಲಿ. ಸಣ್ಣ ಸೀಳುಗಳು ಹಬ್ಬದ ಹೊತ್ತಿಗೆ ಪೂರ್ತಿ ಒಣಗದಿದ್ದರೆ ಒತ್ತಾಯ ಮಾಡಬೇಡಿ. ತೆಂಗಿನ ಕರಟ, ಒಣಮಟ್ಟೆ ಧಾರಾಳವಾಗಿವೆ, ಅವುಗಳಿಂದಲೇ ನೀರು ಕಾಯಿಸೋಣ. ಹಸಿ ಸೌದೆ ಹಾಕಿ ಅಜ್ಜಿಯ ಬಚ್ಚಲಲ್ಲಿ ಮತ್ತೆ ಹೊಗೆ ಎಬ್ಬಿಸುವುದು ಮಾತ್ರ ಬೇಡ.

ಕೊಂಬೆ ಕತ್ತರಿಸಿದವರು "ಉಳಿದ ಮರವೂ ಟೊಳ್ಳು, ಕಡಿದುಬಿಡಿ, ಸೌದೆಯೂ ಆಗುತ್ತದೆ" ಎಂದರೆಂದು ಹೇಳಿದಿರಿ. ಬೇಡ. 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ಹಿತ್ತಲಿನ ಮರವಾದರೂ ಮರ ಅಧಿಕಾರಿಯ ಅನುಮತಿ ಬೇಕಾಗಬಹುದು, ಅವರನ್ನು ಕೇಳದೆ ಕಡಿಯಬಾರದು. ಕಾಯ್ದೆ ಇರಲಿ, ಆ ಮರ ಈ ವರ್ಷವೂ ಅಕ್ಕಪಕ್ಕದ ನಾಲ್ಕು ಮನೆಗೆ ಹಣ್ಣು ಕೊಟ್ಟಿದೆ. ತಿಳಿದವರಿಂದ ಒಮ್ಮೆ ಪರೀಕ್ಷೆ ಮಾಡಿಸಿ, ನಾನು ಬಂದ ಮೇಲೆ ಮಾತನಾಡೋಣ.

ಬಚ್ಚಲಿನ ಹೊಗೆಕೊಳವೆಯನ್ನು ಹಬ್ಬಕ್ಕೆ ಮೊದಲು ತೆಗೆಸಿ ನೋಡಲೇಬೇಕು. ಹನ್ನೆರಡು ವರ್ಷದಿಂದ ಒಲೆ ಹಚ್ಚಿಲ್ಲ, ಗುಬ್ಬಿಯೋ ಪಾರಿವಾಳವೋ ಗೂಡು ಕಟ್ಟಿರಬಹುದು. ಒಳಗಿನ ಹಳೆಯ ಮಸಿಯನ್ನೂ ಕೆರೆಸಿ. ಸೋಲಾರ್ ಹಾಕಿಸಿದಾಗ ಬಚ್ಚಲಿನ ಕಿಟಕಿಗೆ ಗಾಜು ಕೂರಿಸಿದ್ದೀರಿ, ಅಂದು ಅದು ತೆರೆದಿರಲಿ. ಹೊಗೆ ಕಣ್ಣಿಗೆ ಕಾಣುತ್ತದೆ, ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಒಲೆಯಲ್ಲಿ ಕೆಂಡವಿರುವಾಗ ಯಾರೂ ಬಾಗಿಲು ಮುಚ್ಚಿಕೊಂಡು ಸ್ನಾನ ಮಾಡಬಾರದು. ಇದೊಂದು ಮಾತನ್ನು ನನಗಾಗಿ ನಡೆಸಿಕೊಡಿ.

ನಾವು ನೀರು ತುಂಬುವ ಹಬ್ಬಕ್ಕೆ ಮೂರು ದಿನ ಮೊದಲೇ ಬಂದಿಳಿಯುತ್ತೇವೆ. ಹಂಡೆಯನ್ನು ಹುಣಸೆಹಣ್ಣು ಹಾಕಿ ಬೆಳಗುವ ಕೆಲಸ ನನಗೇ ಇರಲಿ ಅಮ್ಮ, ನೀನು ಮಾಡಿಬಿಡಬೇಡ. ಹಾಗಲಬಳ್ಳಿ ಎಲ್ಲಿ ಸಿಗುತ್ತದೆಂದು ಮಾತ್ರ ವಿಚಾರಿಸಿಟ್ಟಿರು. ಹಂಡೆಯ ಕೊರಳಿಗೆ ಅದನ್ನು ಸುತ್ತಿ, ಸುಣ್ಣದ ಪಟ್ಟೆ ಎಳೆದು, ಅಜ್ಜಿ ಮಾಡುತ್ತಿದ್ದ ಹಾಗೆಯೇ ಪುಟ್ಟನ ಕೈಯಿಂದ ಒಂದು ತಂಬಿಗೆ ನೀರು ಹಾಕಿಸಬೇಕು. ಒಲೆಗೆ ಮೂರೇ ಸೀಳು ಹಾಕುತ್ತೇನೆ. ಅಜ್ಜಿಯೂ ಅದನ್ನೇ ಹೇಳುತ್ತಿದ್ದರು, ಒಲೆಯ ಬಾಯಿಗೆ ತುರುಕಬೇಡ, ತುದಿ ಉರಿಯಲಿ, ಉರಿದಷ್ಟು ಮುಂದಕ್ಕೆ ತಳ್ಳು ಎಂದು. ಗಾಳಿಗೆ ದಾರಿ ಬಿಡಬೇಕೆಂಬುದು ಅವರಿಗೆ ತಿಳಿದೇ ಇತ್ತು.

ತಮ್ಮನಿಗೆ ನನ್ನ ಆಶೀರ್ವಾದ. ತಗಡು ಮತ್ತು ಇಟ್ಟಿಗೆ ತರುವ ಕೆಲಸ ಅವನಿಗೆ ಒಪ್ಪಿಸಿ. ನಿಮ್ಮಿಬ್ಬರ ಆರೋಗ್ಯದ ಬಗ್ಗೆ ಬರೆಯಿರಿ. ಅಮ್ಮನ ಮಂಡಿ ನೋವು ಹೇಗಿದೆ ಎಂದು ಪ್ರತಿ ಸಲ ಕೇಳಿದರೂ "ಇದ್ದ ಹಾಗೇ ಇದೆ" ಎನ್ನುತ್ತಾಳೆ. ಅಪ್ಪ, ನೀವಾದರೂ ನಿಜ ಬರೆಯಿರಿ.

ಇಂತಿ ನಿಮ್ಮ ಪ್ರೀತಿಯ ಮಗಳು

ಮತ್ತೆ: ಪುಟ್ಟ ಪಕ್ಕದಲ್ಲೇ ಕೂತು ಇದನ್ನು ಬರೆಯಲು ಹೇಳುತ್ತಿದ್ದಾನೆ. ಮಾವಿನ ಸೀಳೊಂದಕ್ಕೆ ತಾತ ಕೆಂಪು ದಾರ ಕಟ್ಟಬೇಕಂತೆ, ಅಜ್ಜಿಯ ಅಡುಗೆಮನೆಯ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ ಗ್ರಾಂ ಎಷ್ಟೆಂದು ಅವನಿಗೆ ಹೇಳಬೇಕಂತೆ. ನೋಟುಬುಕ್ಕಿನಲ್ಲಿ ಹೊಸ ಪುಟ ತೆಗೆದು "ಬೆಂಗಳೂರು" ಎಂದು ಬರೆದು, ಕೆಳಗೆ ಒಂಬತ್ತು ಗೆರೆ ಎಳೆದು ಇಟ್ಟುಕೊಂಡಿದ್ದಾನೆ.